ಬೆಳಕಿನ ಅಳತೆ

ತಾನಾಗಿಯೇ ಬೆಳಕನ್ನು ಅಳೆದುಕೊಳ್ಳುವ ಕ್ಯಾಮರಾ ಕೈಯಲ್ಲಿರುವಾಗ ಆ ಅಳತೆಯನ್ನು ಕಲಿಯುವ ಶ್ರಮವೇಕೆ ಎಂದು ಕೇಳುವವರುಂಟು. ಅಂಥವರು ತರಗತಿಯ ಕರಿಹಲಗೆಯನ್ನೇ ಚಿತ್ರದ ತುಂಬ ಹಿಡಿದು ನೋಡಬೇಕು. ಅದು ಹಲವು ಬಾರಿ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳ ಬಿಳಿಯ ಅಂಗಿಗಳೂ ಹಾಗೆಯೇ ಮಾಸಿದಂತೆ ತೋರುತ್ತವೆ. ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದಿಯೆಂದೇ ಬೆಳಕುಮಾಪಕದ ಎಣಿಕೆ. ಆದುದರಿಂದ ಕರಿಹಲಗೆಗೆ ಮಾಪಕ ಹೇಳಿದ್ದಕ್ಕಿಂತ ಕಡಿಮೆ ಬೆಳಕು, ಬಿಳಿಯ ಅಂಗಿಗೆ ಹೆಚ್ಚು ಬೆಳಕು ಬೇಕು. ಕೇಳಲು ವಿಪರೀತವೆನಿಸಿದರೂ ಇದು ನಿಜ.

ಕಿಟಕಿಗೆ ಬೆನ್ನುಮಾಡಿ ಓದುತ್ತಿರುವ ಹುಡುಗಿಯ ಚಿತ್ರದಲ್ಲಂತೂ ನಷ್ಟ ಇನ್ನೂ ದೊಡ್ಡದು. ಯಂತ್ರವು ಹೊರಗಿನ ಬಿಸಿಲಿಗೆ ಮನ್ನಣೆ ಕೊಟ್ಟು ಅವಳ ಮುಖವನ್ನು ಕತ್ತಲಿಗೆ ನೂಕುತ್ತದೆ. ಚಿತ್ರ ಬಿಸಿಲಿನದೋ ಹುಡುಗಿಯದೋ ಎಂಬುದನ್ನು ತೀರ್ಮಾನಿಸಬೇಕಾದವನು ಛಾಯಾಗ್ರಾಹಕ. ಆ ಅಧಿಕಾರವನ್ನು ಯಂತ್ರಕ್ಕೆ ಒಪ್ಪಿಸುವುದು ಸರಿಯಲ್ಲ.

ಕಲಿಕೆಗೆ ದೂರದ ಜಲಪಾತವೇನೂ ಬೇಕಿಲ್ಲ; ಶಾಲೆಯ ಅಂಗಳವೇ ಸಾಕು. ನಿಚ್ಚಳ ಬಿಸಿಲಿನಲ್ಲಿ, ಸಂವೇದನೆಯ ಅಂಕ 100 ಇದ್ದರೆ, ಮಸೂರದ ರಂಧ್ರವನ್ನು 16ರ ಗುರುತಿಗಿಟ್ಟು ಷಟರನ್ನು ಸೆಕೆಂಡಿನ 1/125 ಭಾಗದಷ್ಟು ಕಾಲ ತೆರೆಯುವುದು ಹಳೆಯ ವಾಡಿಕೆ. ಕಬಡ್ಡಿ ಆಟಗಾರನ ನೆಗೆತಕ್ಕೆ ಅಷ್ಟು ಕಾಲ ಹೆಚ್ಚಾಯಿತು, ಚಿತ್ರ ಕದಡುತ್ತದೆ. ಆಗ ಅದನ್ನು 1/500ಕ್ಕೆ ಇಳಿಸಿ, ರಂಧ್ರವನ್ನು 8ಕ್ಕೆ ಹಿಗ್ಗಿಸಬೇಕು. (ಅಂಕ ಕಿರಿದಾದಷ್ಟೂ ರಂಧ್ರ ಹಿರಿದು!) ಅವಧಿ ಕಾಲುಭಾಗವಾಯಿತು, ರಂಧ್ರದ ವಿಸ್ತೀರ್ಣ ನಾಲ್ಕು ಪಟ್ಟಾಯಿತು, ಒಳಬಿದ್ದ ಬೆಳಕು ಮಾತ್ರ ಅಷ್ಟೇ. ನಿತ್ಯ ಕಾಣುವ ಗೆಳೆಯನ ಮುಖದ ಬಣ್ಣವನ್ನು ಬಲ್ಲವನಿಗೆ ಅಳತೆ ತಪ್ಪಿದ್ದು ಕೂಡಲೇ ತಿಳಿಯುತ್ತದೆ. ಕಾಣದ ಊರಿನ ಚಿತ್ರದಲ್ಲಿ ಆ ಅನುಕೂಲವಿಲ್ಲ.