ರೇಟ್ ಕೇಳೋಕೆ ಮುಂಚೆ ನಕ್ಷೆ ಕೇಳಿ

ಹೆದ್ದಾರಿ ಬರುತ್ತೆ ಅಂದ್ರೆ ನಾವು ಎಕರೆಗೆ ಎಷ್ಟು ಅಂತಷ್ಟೇ ಕೇಳ್ತೀವಿ. ನಕ್ಷೆಯ ಪದಗಳನ್ನೂ ಕೇಳ್ಬೇಕು ಸ್ವಾಮಿ. ‘ಅಲೈನ್‌ಮೆಂಟ್’ ಅಂದ್ರೆ ರಸ್ತೆ ಹಾದುಹೋಗೋ ಗೆರೆ. ‘ರೈಟ್ ಆಫ್ ವೇ’ ಅಂದ್ರೆ ಬರೀ ಡಾಂಬರಲ್ಲ. ಚರಂಡಿ, ಸರ್ವಿಸ್ ರಸ್ತೆ ಸೇರಿದ ಪೂರ್ತಿ ಅಗಲ. ‘ಆಕ್ಸೆಸ್ ಕಂಟ್ರೋಲ್’ ಅಂದ್ರೆ ಎಲ್ಲೆಂದ್ರಲ್ಲಿ ಹತ್ತೋ ಹಾಗಿಲ್ಲ, ದಾಟೋ ಹಾಗಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಂದ್. ಹೊಲ ಎರಡು ಪಾಲಾದವನಿಗೆ ಅಂಡರ್‌ಪಾಸ್ ಎಲ್ಲಿ ಅನ್ನೋದು ಪರಿಹಾರದಷ್ಟೇ ದೊಡ್ಡ ಪ್ರಶ್ನೆ.

ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ಆಕ್ಷೇಪಣೆ ಬರೆದು ಕೊಡ್ಬೇಕು. 3ಡಿ ಪ್ರಕಟವಾದ್ರೆ ಭೂಮಿ ಸರ್ಕಾರದ್ದು. ಪೇಪರ್‌ನಲ್ಲಿ ನಿಮ್ಮ ಸರ್ವೆ ನಂಬರ್ ಕಂಡ ದಿನವೇ ಹೋಗಿ ನಕ್ಷೆ ಕೇಳಿ. ಅಕ್ಕಪಕ್ಕದವರನ್ನೂ ಕರ್ಕೊಂಡು ಹೋಗಿ.