ನಿವೃತ್ತಿಯಂಚಿನ ರಜೆ: ಲೆಕ್ಕ ತಪ್ಪದಿರಲಿ

ನಿವೃತ್ತಿಯ ದಿನ ಶಾಲು, ಹಾರಗಳ ನಡುವೆ ಮರೆತುಹೋಗುವುದು ಗಳಿಕೆ ರಜೆಯ ಕೊನೆಯ ಲೆಕ್ಕ. ಕೇಂದ್ರ ನಾಗರಿಕ ಸೇವಾ ರಜೆ ನಿಯಮಗಳ (1972) ಪ್ರಕಾರ ಜನವರಿ 1 ಮತ್ತು ಜುಲೈ 1ರಂದು ತಲಾ 15 ದಿನಗಳ ಗಳಿಕೆ ರಜೆ ಮುಂಗಡವಾಗಿ ನೌಕರನ ಖಾತೆಗೆ ಸೇರುತ್ತದೆ. ಅರ್ಧವರ್ಷದ ನಡುವೆ ನಿವೃತ್ತನಾಗುವವನಿಗೆ ಪೂರ್ಣಗೊಂಡ ಪ್ರತಿ ತಿಂಗಳಿಗೆ ಎರಡೂವರೆ ದಿನದಂತೆ ಸಲ್ಲುತ್ತದೆ.

ಸೆಪ್ಟೆಂಬರ್ 30ರಂದು ನಿವೃತ್ತನಾದ ನನಗೆ ಏಳೂವರೆ, ಪೂರ್ಣಾಂಕಕ್ಕೆ ತಂದರೆ ಎಂಟು ದಿನ ಸಲ್ಲಬೇಕಿತ್ತು. ಅರ್ಧವರ್ಷ ಪೂರೈಸಿಲ್ಲವೆಂದು ಕಚೇರಿ ಒಂದು ದಿನವನ್ನೂ ಸೇರಿಸಲಿಲ್ಲ. ನಿಯಮದ ಪ್ರತಿ ಲಗತ್ತಿಸಿ ಬರೆದ ಮೂರನೆಯ ಪತ್ರಕ್ಕೆ ಹಣ ಬಂದಿತು.

ಗಳಿಕೆ ರಜೆಯೆಂಬುದು ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಮುಂದೂಡಿದ ವೇತನ. ಅದಕ್ಕೇ ಅದು ದುಡಿದ ತಿಂಗಳುಗಳ ಲೆಕ್ಕದಲ್ಲಿ ಜಮೆಯಾಗುತ್ತದೆ. ನಗದೀಕರಣಕ್ಕೆ 300 ದಿನಗಳ ಮಿತಿಯಿರುವುದರಿಂದ, ಆ ಮಿತಿ ಮುಟ್ಟಿದವರಿಗೆ ಈ ಎಂಟು ದಿನಗಳಿಂದ ಲಾಭವಿಲ್ಲ. ಆದರೆ ಕಾಯಿಲೆಗೆ, ಮಕ್ಕಳ ಮದುವೆಗೆ ರಜೆ ಕರಗಿಸಿಕೊಂಡ ಗುಮಾಸ್ತನಿಗೆ ಅವು ಎಂಟು ದಿನಗಳ ಮೂಲವೇತನ ಮತ್ತು ತುಟ್ಟಿಭತ್ಯೆ.

ನಿಯಮ ಹುಡುಕಿ ಪತ್ರ ಬರೆಯಲಾಗದವನ ಗತಿಯೇನು? ನಿವೃತ್ತಿಗೆ ಮೂರು ತಿಂಗಳ ಮೊದಲೇ ರಜೆಯ ಲೆಕ್ಕವನ್ನು ಲಿಖಿತವಾಗಿ ಒದಗಿಸಿ, ನೌಕರನ ಸಹಿ ಪಡೆಯುವ ಹೊಣೆಯನ್ನು ಕಚೇರಿಯ ಮೇಲೆಯೇ ಹೊರಿಸಬೇಕು.