ಹಿತ್ತಲ ಕಳವಿಗೆ ಎತ್ತರದ ಗೋಡೆ ಮದ್ದಲ್ಲ

ಸೋಮವಾರ, ಹುಣ್ಣಿಮೆ, ಕಾರ್ತಿಕ ಮಾಸ ಬಂತೆಂದರೆ ನಂಜನಗೂಡಿನಲ್ಲಿ ಹೂವಿನ ಗಿಡ ಬೆಳೆಸಿದವರಿಗೆ ನಸುಕಿನ ನಿದ್ದೆ ಹಗುರ. ಕಾಂಪೌಂಡಿನಿಂದಾಚೆ ಬಾಗಿದ ಕಣಗಿಲೆ, ನಂದಿಬಟ್ಟಲು, ದಾಸವಾಳ ಮನೆಯವರು ಏಳುವುದರೊಳಗೆ ಯಾರದೋ ಪ್ಲಾಸ್ಟಿಕ್ ಕವರ್ ಸೇರಿರುತ್ತವೆ. ಬಿಲ್ವಪತ್ರೆಯಾದರೆ ಕೊಂಬೆ ಸಮೇತ. ತಿ. ನರಸೀಪುರದ ಕಡೆ ಗೌರಿ-ಗಣೇಶ ಹಬ್ಬಕ್ಕೆ ಮುಂಚೆ ಬಾಳೆ ಎಲೆ, ಬಾಳೆ ಕಂದು. ಉಳಿದ ಕಾಲದಲ್ಲಿ ತೆಂಗಿನಕಾಯಿ, ನುಗ್ಗೆಕಾಯಿ. ಇದಕ್ಕೆ ಜನ ಕಂಡುಕೊಂಡಿರುವ ಉಪಾಯ ಹೆಚ್ಚುಕಡಿಮೆ ಒಂದೇ: ಗೋಡೆ ಎತ್ತರಿಸಿ ಮೇಲೆ ಗಾಜಿನ ಚೂರು ನೆಡುವುದು, ಕೈಯಲ್ಲಿ ದುಡ್ಡಿದ್ದರೆ ಕ್ಯಾಮೆರಾ ಹಾಕಿಸುವುದು. ಈ ಖರ್ಚಿನ ಬಹುಪಾಲು ದಂಡ ಎಂದು ನನಗನ್ನಿಸುತ್ತದೆ. ನಾಲ್ಕು ಜನರ ಕಣ್ಣಿಗೆ ಬೀಳುವ ಹಿತ್ತಲನ್ನು ಕದಿಯುವುದು ಕಷ್ಟ, ಹಾಗೆ ಇಟ್ಟುಕೊಳ್ಳುವುದು ಅಗ್ಗ.

ಮೊದಲು ಕಾನೂನಿನ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ, ನೆಲಕ್ಕೆ ಅಂಟಿಕೊಂಡಿರುವ ಗಿಡ, ಕಾಯಿಯನ್ನು ಕದಿಯುವ ಉದ್ದೇಶದಿಂದ ಕಿತ್ತರೆ ಆ ಕ್ಷಣಕ್ಕೇ ಅದು ಕಳ್ಳತನ. ಆದರೆ ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ತಪ್ಪಿತಸ್ಥನಾದವನು ಅದನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ, ಶಿಕ್ಷೆ ಸಮುದಾಯ ಸೇವೆ ಮಾತ್ರ. ಅಷ್ಟು ಸಣ್ಣ ಕಳವು ಈಗ ಅಸಂಜ್ಞೇಯ ಅಪರಾಧ ಕೂಡ; ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಒಂದು ಬಾಳೆಗೊನೆ, ಇಪ್ಪತ್ತು ತೆಂಗಿನಕಾಯಿ, ಒಂದು ಬುಟ್ಟಿ ಹೂವು ಇವೆಲ್ಲ ಈ ಮಿತಿಯ ಕೆಳಗೇ ಬರುತ್ತವೆ. ಠಾಣೆಯವರನ್ನು ಬಯ್ದು ಪ್ರಯೋಜನವಿಲ್ಲ. ಹಾಗೆಂದು ಕಳ್ಳನನ್ನು ನಾವೇ ದಂಡಿಸುವ ಹಕ್ಕು ನಮಗೆ ಬರುವುದಿಲ್ಲ. ಬೇಲಿಗೆ ಮನೆಯ ಕರೆಂಟ್ ಹರಿಸಿದವರು ಕಳ್ಳನನ್ನೋ ಪಕ್ಕದ ಮನೆಯ ಮಗುವನ್ನೋ ಕೊಂದು ತಾವೇ ಜೈಲಿಗೆ ಹೋಗುತ್ತಾರೆ.

ಎತ್ತರದ ಗೋಡೆಯ ದೋಷವೇನೆಂದರೆ, ಒಮ್ಮೆ ಹಾರಿ ಒಳಗೆ ಇಳಿದವನಿಗೆ ಅದೇ ಮರೆ. ಬೀದಿಯಲ್ಲಿ ಹೋಗುವವರಿಗೆ, ಎದುರು ಮನೆಯ ಜಗಲಿಯಲ್ಲಿ ಕೂತವರಿಗೆ ಅವನು ಕಾಣುವುದೇ ಇಲ್ಲ. ಎದೆಮಟ್ಟದ ಮುಳ್ಳುಬೇಲಿಯಲ್ಲಿ ಈ ತೊಂದರೆಯಿಲ್ಲ. ದಾಟುವುದು ಕಷ್ಟ, ದಾಟಿದವನು ಕಾಣಿಸುತ್ತಾನೆ. ನಮ್ಮ ಸೀಮೆಯ ಹೊಲಗಳ ಬದುವಿನಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ. ಕತ್ತಾಳೆಯ ಮರಿಗೆ ಬೆಲೆಯಿಲ್ಲ, ನೀರು ಕೇಳುವುದಿಲ್ಲ, ದನ ಮುಟ್ಟುವುದಿಲ್ಲ. ಕವಳೆ ಗಿಡದ ಮುಳ್ಳು ಬಟ್ಟೆ ಹಿಡಿದರೆ ಬಿಡುವುದಿಲ್ಲ, ಮೇಲಾಗಿ ಉಪ್ಪಿನಕಾಯಿಗೆ ಕಾಯಿ. ಕಾಗದದ ಹೂವಿನ ಬಳ್ಳಿ ಕಡ್ಡಿ ನೆಟ್ಟರೆ ಬರುತ್ತದೆ, ಅಂದಕ್ಕೂ ಆಯಿತು. ಬೇಲಿ ಕೂಡಿಕೊಳ್ಳಲು ಎರಡು ಮೂರು ವರ್ಷ ಬೇಕಲ್ಲ, ಅಲ್ಲಿಯವರೆಗೆ ಏನು ಗತಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಲ್ಲಿಯವರೆಗೆ ಹಳ್ಳಿಯವರು ಇವತ್ತಿಗೂ ಮಾಡುವಂತೆ ಜಾಲಿಮುಳ್ಳು ಕಡಿದು ಒಡ್ಡಬೇಕು; ಗೆದ್ದಲು ಅದನ್ನು ತಿಂದು ಮುಗಿಸುವಷ್ಟರಲ್ಲಿ ಹಸಿರು ಬೇಲಿ ಎದ್ದಿರುತ್ತದೆ. ಸವರುವ ಕೆಲಸ ಮಾತ್ರ ತಪ್ಪದು. ಬೇಲಿಯನ್ನು ಪೊದೆಯಾಗಲು ಬಿಟ್ಟರೆ ಅದೂ ಗೋಡೆಯೇ.

ತಿ. ನರಸೀಪುರದಲ್ಲಿ ಪೊದೆಗೆ ಇನ್ನೊಂದು ಭಯವೂ ಇದೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಆ ತಾಲ್ಲೂಕಿನಲ್ಲಿ ನಾಲ್ಕು ಜನ ಚಿರತೆಗೆ ಬಲಿಯಾದರು. ಮನೆಯ ಪಕ್ಕದಲ್ಲೇ ಇದ್ದವರನ್ನೂ ಅದು ಬಿಡಲಿಲ್ಲ. ಹೀಗಿರುವಾಗ ರಾತ್ರಿ ಹಿತ್ತಲಲ್ಲಿ ಕಾವಲು ಮಲಗಿ ಎಂದು ಯಾವ ಬಾಯಲ್ಲಿ ಹೇಳುವುದು? ನಾಯಿ ಕಟ್ಟಿ ಎಂಬ ಸಲಹೆಯೂ ಇಲ್ಲಿ ಅಷ್ಟು ಸಲೀಸಲ್ಲ. ಚಿರತೆಯನ್ನು ಊರೊಳಗೆ ಎಳೆದು ತರುವುದೇ ನಾಯಿ. ಕಟ್ಟುವುದಾದರೆ ಮನೆಯ ಮುಂಬಾಗಿಲ ಒಳಗೆ ಕಟ್ಟಬೇಕು. ಬೊಗಳಿದರೆ ಸಾಕು, ಓಡಿಹೋಗಿ ಕಚ್ಚಬೇಕಾಗಿಲ್ಲ.

ಕದಿಯುವವರೆಲ್ಲ ಒಂದೇ ಜಾತಿಯವರಲ್ಲ ಎಂಬುದನ್ನು ಗೋಡೆ ಕಟ್ಟುವವರು ಮರೆಯುತ್ತಾರೆ. ಮುಂಜಾನೆ ಹೂವು ಕೀಳುವವರಲ್ಲಿ ಬಹಳ ಮಂದಿ ಸ್ನಾನ ಮಾಡಿ, ವಿಭೂತಿ ಧರಿಸಿ, ದೇವರ ಪೂಜೆಗೆಂದೇ ಬಂದವರು. ದೇವರಿಗೆ ಹೂವು ಕಿತ್ತರೆ ಪಾಪವಿಲ್ಲ ಎಂಬ ಸಮಾಧಾನ ಅವರದು. (ದೇವರನ್ನು ಯಾರೂ ಕೇಳಿದಂತಿಲ್ಲ.) ಇಂಥವರಿಗೆ ಗಾಜಿನ ಚೂರು ಬೇಕಿಲ್ಲ, ಹೆಸರು ಹಿಡಿದು ನಾಲ್ಕು ಮಾತು ಆಡಿಸುವ ಪರಿಚಯ ಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಕೆಲಸ ಮಾಡುವುದು ಮುಖ ಪರಿಚಯವಿರುವ ಬೀದಿಯಲ್ಲಿ ಮಾತ್ರ. ಬೇಲಿಯ ಹೊರಮಗ್ಗುಲಿಗೆ ಒಂದೆರಡು ಕಣಗಿಲೆ, ದಾಸವಾಳ ನೆಟ್ಟು, ಇವು ಬೀದಿಯವರಿಗೆ, ಒಳಗಿನವು ಮನೆಗೆ ಎಂದು ಬಾಯಿಬಿಟ್ಟು ಹೇಳಿಬಿಡುವುದು ಒಳ್ಳೆಯದು. ಕದಿಯುವವರಿಗೆ ಕಪ್ಪ ಕಟ್ಟುವುದೇ ಎಂದು ಸಿಡುಕುವವರಿದ್ದಾರೆ. ಕಪ್ಪವೆಂದೇ ಇಟ್ಟುಕೊಳ್ಳಿ, ಎರಡು ಕಡ್ಡಿ ನೆಟ್ಟ ಕಪ್ಪ ಕ್ಯಾಮೆರಾದ ಬೆಲೆಯ ಮುಂದೆ ಏನೂ ಅಲ್ಲ. ಅದಾದ ಮೇಲೂ ಒಳಗೆ ಕೈಹಾಕಿದವರಿಗೆ ಪೂಜೆಯ ನೆಪ ಉಳಿದಿರುವುದಿಲ್ಲ. ಕೀಟಲೆಗೆ ಕುಂಡ ಉರುಳಿಸುವ ಹುಡುಗರ ವಿಷಯ ಇನ್ನೂ ಸುಲಭ: ಮಣ್ಣು ತುಂಬುವ ಮುಂಚೆ ಕುಂಡದ ತಳದ ತೂತಿನಲ್ಲಿ ತಂತಿ ತೂರಿಸಿ ಗ್ರಿಲ್ಲಿಗೆ ಬಿಗಿದರೆ ಮುಗಿಯಿತು.

ಮಾರಿ ದುಡ್ಡು ಮಾಡಲು ಬರುವವನು ಬೇರೆ. 2025ರಲ್ಲಿ ತೆಂಗಿನಕಾಯಿ ಬೆಲೆ ಗಗನಕ್ಕೇರಿದಾಗ ಹಿತ್ತಲಿನ ಒಂದೆರಡು ಮರಗಳ ಮೇಲೂ ಕಣ್ಣು ಬೀಳುವಂತಾಯಿತು. ಇವನಿಗೆ ನಾಚಿಕೆಯಿಲ್ಲ, ಆತುರವಿದೆ. ಆದ್ದರಿಂದ ಕೊಯ್ಲಿನಲ್ಲಿ ಅವನಿಗಿಂತ ಮುಂದಿರಬೇಕು. ಬಾಳೆಗೊನೆಯನ್ನು ಗಿಡದಲ್ಲೇ ಹಣ್ಣಾಗಲು ಬಿಡುವ ಅಗತ್ಯವಿಲ್ಲ. ಕಾಯಿ ಬಲಿತು ಏಣು ಮಾಸಿದೊಡನೆ ಕಡಿದು ಒಳಗೆ ಹಣ್ಣಿಗೆ ಹಾಕಬಹುದು. ತೆಂಗಿನ ಮರಕ್ಕೆ ಆಳೆತ್ತರದಲ್ಲಿ ಮುಳ್ಳು ಸುತ್ತಿ, ಕಣ್ಣಿಗೆ ಕಾಣುವಂತೆ ಕಟ್ಟಿದರೆ ಹತ್ತುವವನು ಬೇರೆ ಮರ ಹುಡುಕುತ್ತಾನೆ. ರಸಬಾಳೆ ಬೆಳೆದವರಿಗಂತೂ ನಷ್ಟ ಗೊನೆಗೆ ನಿಲ್ಲುವುದಿಲ್ಲ. ಭೌಗೋಳಿಕ ಮಾನ್ಯತೆ ಪಡೆದ ನಂಜನಗೂಡಿನ ಈ ತಳಿಯನ್ನು ಹಾಳುಗೆಡವಿದ ಪನಾಮಾ ಸೊರಗು ರೋಗ ಹರಡುವುದು ಮಣ್ಣಿನಿಂದ ಮತ್ತು ಕಂದಿನಿಂದ. ಕದ್ದ ಕಂದು ರೋಗವನ್ನು ಹೊತ್ತು ಇನ್ನೊಂದು ತೋಟ ಸೇರುತ್ತದೆ, ಕಳ್ಳನ ಕಾಲಿನ ಕೆಸರು ರೋಗವನ್ನು ನಿಮ್ಮ ಹಿತ್ತಲಿಗೆ ತಂದುಬಿಡಬಹುದು.

ಈ ಅಗ್ಗದ ಉಪಾಯಗಳು ಸೋಲುವುದು ಶ್ರೀಗಂಧದ ಮುಂದೆ. ಟಿಪ್ಪುವಿನ ಕಾಲದಿಂದ ರಾಜವೃಕ್ಷವಾಗಿದ್ದ ಇದು 2001ರ ತಿದ್ದುಪಡಿಯ ನಂತರ ಭೂಮಾಲೀಕನ ಸ್ವತ್ತಾಯಿತು. ಒಡೆತನದ ಜೊತೆ ಕಾಯುವ ಹೊಣೆಯೂ ಅವನ ತಲೆಗೆ ಬಂತು. ಗಂಧದ ಕಳ್ಳರು ತಂಡ ಕಟ್ಟಿ, ಗರಗಸ ಹಿಡಿದು ಬರುವವರು, ಕಾಂಡಕ್ಕೆ ತೂತು ಕೊರೆದು ಚೇಗು ಬಲಿತಿದೆಯೇ ಎಂದು ಮೊದಲೇ ನೋಡಿಕೊಂಡು ಹೋಗುವವರು. ಕಾಂಡದಲ್ಲಿ ಅಂಥ ತೂತು ಕಂಡ ದಿನವೇ ಅರಣ್ಯ ಇಲಾಖೆಗೂ ಠಾಣೆಗೂ ಬರೆದು ಕೊಡಬೇಕು. ಇಲ್ಲಿ 5,000 ರೂಪಾಯಿಯ ಲೆಕ್ಕ ನಡೆಯುವುದಿಲ್ಲ. ಗಂಧದ ಕಳವಿಗೆ ಅರಣ್ಯ ಕಾಯ್ದೆಯಲ್ಲಿ ಬೇರೆಯೇ ಶಿಕ್ಷೆಯಿದೆ. ಉಳಿದಂತೆ ಸರ್ಕಾರದಿಂದ ಕೇಳಬೇಕಾದ್ದು ದೊಡ್ಡದೇನಲ್ಲ. ನಂಜನಗೂಡು ನಗರಸಭೆ ಮತ್ತು ತಿ. ನರಸೀಪುರ ಪುರಸಭೆ ಹಿತ್ತಲ ಓಣಿಗಳ ಬೀದಿದೀಪ ಸರಿಯಿಟ್ಟುಕೊಳ್ಳಲಿ. ಮುಂಗಾರಿಗೆ ರಿಯಾಯಿತಿ ದರದಲ್ಲಿ ಸಸಿ ಕೊಡುವ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳು ಸಿಲ್ವರ್ ಓಕ್, ತೇಗದ ಪಕ್ಕದಲ್ಲಿ ಒಂದಿಷ್ಟು ಕವಳೆ ಸಸಿಯನ್ನೂ ಇಡಲಿ.